ಮೈಸೂರು ಲ್ಯಾನ್ಸರ್ಸ್ ಸವಾರನ ಚದುರಿದ ಪದಕಗಳನ್ನು ಒಂದುಗೂಡಿಸುವ ಬಗೆ

1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಕುದುರೆ ಸವಾರರ ದಳವಾದ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಆ ದಳದ ಸವಾರನ ಪದಕಗಳು ಆಸ್ತಿ ಪಾಲಾಗುವಾಗ ಚದುರಿಹೋಗಿದ್ದರೆ, ಮೊದಲು ಬಂಧುಗಳ ಮನೆಗಳಲ್ಲಿ ವಿಚಾರಿಸಿ, ಆಮೇಲೆ ಹಳೆ ನಾಣ್ಯದ ವ್ಯಾಪಾರಿಗಳನ್ನೂ ಹರಾಜಿನ ಪಟ್ಟಿಗಳನ್ನೂ ನೋಡಬೇಕು.

ಹುಡುಕಾಟಕ್ಕೆ ಪದಕದ ಅಂಚೇ ಆಧಾರ. ಮೊದಲ ಮಹಾಯುದ್ಧದ ಸೇವೆಗೆ ಕೊಟ್ಟ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಮತ್ತು ಕಂಚಿನ ವಿಕ್ಟರಿ ಮೆಡಲ್ ಎರಡರ ಅಂಚಿನಲ್ಲೂ ಸಾಮಾನ್ಯವಾಗಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಮತ್ತು ದಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದು, ಪದಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಅಂಚಿನ ಚಿತ್ರ ತೆಗೆಯಿರಿ. ಹುಣಸೆಹಣ್ಣನ್ನಾಗಲಿ ಪಾಲಿಶನ್ನಾಗಲಿ ಮುಟ್ಟಿಸಲೇಬೇಡಿ, ಏಕೆಂದರೆ ಅಕ್ಷರ ಸವೆದರೆ ಗುರುತೇ ಅಳಿದಂತೆ. ಒಂದೇ ಹೆಸರಿನವರು ಹಲವರಿರುವುದರಿಂದಲೂ ಕಾಗುಣಿತ ಬದಲಾಗುವುದರಿಂದಲೂ, ಸಂಖ್ಯೆ ಮತ್ತು ದಳ ಎರಡೂ ತಾಳೆಯಾಗದ ಹೊರತು ಹಣ ಕೊಡಬಾರದು. ಬೆಳ್ಳಿಯ ಆಸೆಗೆ ಕರಗಿಸಿದ ಪದಕಗಳೂ ಉಂಟು. ಅಂಥ ಕಡೆ ನಕಲು ತಂದಿಡುವುದಕ್ಕಿಂತ ಜಾಗವನ್ನು ಖಾಲಿ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಯಾವ ವಸ್ತು ಯಾರಿಂದ, ಯಾವಾಗ ಬಂತೆಂಬುದನ್ನು ರಸೀದಿಯೊಂದಿಗೆ ಬರೆದಿಡಿ. ನೂರು ವರ್ಷ ದಾಟಿದ ಪದಕಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸಬಹುದಾದ್ದರಿಂದ, ವಿದೇಶದಲ್ಲಿರುವ ವಂಶಸ್ಥರಿಗೆ ಕಳಿಸುವ ಮುನ್ನ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಬೇಕು.