ಕುಕ್ಕರ್ ಕೂಗುವಷ್ಟರಲ್ಲಿ ನನ್ನ ವ್ಯಾಯಾಮ

ಸಾರಿನ ಬೇಳೆಗೆ ಕುಕ್ಕರ್ ಇಟ್ಟರೆ ನನ್ನ ವ್ಯಾಯಾಮ ಶುರು. ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುತ್ತೇನೆ, ಜಾರಬಾರದಲ್ಲ. ಅಂಚಿಗೆ ಕೂತು, ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಕೈ ಕಟ್ಟಿಕೊಂಡು ಏಳುತ್ತೇನೆ. ಕೂರುವಾಗ ದೊಪ್ಪನೆ ಬೀಳುವ ಹಾಗಿಲ್ಲ. ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಯಬೇಕು. ಹತ್ತು ಸಲ. ತೊಡೆಗೆ ಕೆಲಸ ಸಿಗುವುದೇ ಆ ನಿಧಾನದಲ್ಲಿ. ಮೊದಮೊದಲು ನೋಡಿದ ಅತ್ತೆ, ‘ಏನಮ್ಮಾ, ಕುರ್ಚಿ ಮೇಲೆ ಮುಳ್ಳಿದೆಯಾ?’ ಅಂದಿದ್ದರು. ಈಗ ಅವರೂ ಸೋಫಾದ ಕೈ ಹಿಡಿದು ನಾಲ್ಕೈದು ಸಲ ಎದ್ದು ಕೂರುತ್ತಾರೆ. ನಾನು ಆ ಕಡೆ ನೋಡಬಾರದು, ಅಷ್ಟೇ.

ಕುರ್ಚಿ ಆದ ಮೇಲೆ ಅಡುಗೆ ಕಟ್ಟೆ. ಅದರ ಅಂಚಿಗೆ ಎರಡೂ ಕೈ ಊರಿ, ಕಾಲು ಹಿಂದಕ್ಕಿಟ್ಟು, ಎದೆಯನ್ನು ಕಟ್ಟೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಕಟ್ಟೆ ಕಷ್ಟ ಆದರೆ ಗೋಡೆ ಸಾಕು, ನಾನೂ ಗೋಡೆಯಿಂದಲೇ ಹತ್ತಿದ್ದು. ಆಮೇಲೆ ಬಟ್ಟೆ ಚೀಲದಲ್ಲಿ ಎರಡು ಕಿಲೋ ಅಕ್ಕಿ ಹಾಕಿ, ಸೊಂಟದಿಂದ ಸ್ವಲ್ಪ ಬಾಗಿ, ಮೊಣಕೈಯನ್ನು ಹಿಂದಕ್ಕೆ ಎಳೆಯುತ್ತೇನೆ. ಬಾವಿಯಿಂದ ನೀರು ಸೇದಿದ ಹಾಗೆ. ಹಗುರ ಅನ್ನಿಸಿದಾಗ ಇನ್ನೊಂದು ಪಾವು ಅಕ್ಕಿ ಸೇರುತ್ತದೆ. ಈಗ ಐದು ಕಿಲೋಗೆ ಬಂದಿದ್ದೇನೆ. ವಾರಕ್ಕೆ ಎರಡು ದಿನ ಇಷ್ಟು, ನಡುವೆ ಒಂದೆರಡು ದಿನ ಬಿಡುವು.

‘ಮನೆಕೆಲಸ ಮಾಡಲ್ವಾ? ಅದೇ ವ್ಯಾಯಾಮ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಅರ್ಧ ನಿಜ. ಮನೆಕೆಲಸವೂ ಮೈ ಆಡಿಸುವ ಕೆಲಸವೇ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಪಾತ್ರೆ, ಒರೆಸುವುದು, ತರಕಾರಿ ಹೆಚ್ಚುವುದು ಎಲ್ಲವೂ ಮುಂದಕ್ಕೆ ಬಾಗಿ ಮಾಡುವಂಥವು. ಸುಸ್ತಂತೂ ಚೆನ್ನಾಗಿ ಆಗುತ್ತದೆ. ಬೆನ್ನಿನ ಮೇಲ್ಭಾಗಕ್ಕೂ ತೊಡೆಗೂ ಬೇಕಾದ ಭಾರ ಮಾತ್ರ ಬೀಳುವುದಿಲ್ಲ. ಅದೇ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆಯ ಜೊತೆಗೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವಂಥದ್ದು ಮಾಡಬೇಕು ಎಂದಿದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿದು ಮೂಳೆ ಬೇಗ ಸವೆಯುತ್ತದೆ. ಹಾಗಾಗಿ ನಲವತ್ತೈದು ದಾಟಿದ ನನ್ನಂಥವರಿಗೆ ಈ ಎರಡು ದಿನ ತಪ್ಪಿಸುವಂಥದ್ದಲ್ಲ. ಇನ್ನೊಂದು ಸಮಾಧಾನದ ಮಾತೂ ಅದರಲ್ಲಿದೆ. ಹತ್ತು ನಿಮಿಷಕ್ಕಿಂತ ಕಡಿಮೆ ಮಾಡಿದರೆ ಲೆಕ್ಕಕ್ಕಿಲ್ಲ ಅನ್ನುವ ಹಳೆಯ ನಿಯಮವನ್ನು ಅವರು ಕೈಬಿಟ್ಟಿದ್ದಾರೆ. ಅಂದರೆ ನನ್ನ ಕುಕ್ಕರ್ ಲೆಕ್ಕಕ್ಕುಂಟು.

ಇದಕ್ಕೆ ಮೊದಲು ಮನೆ ಹತ್ತಿರದ ಒಂದು ಕ್ಲಾಸಿಗೆ ಹೋಗುತ್ತಿದ್ದೆ. ಜೋರಾದ ಹಾಡು, ನಲವತ್ತು ನಿಮಿಷ ಕುಣಿತ, ಜಿಗಿತ. ‘ನೋವಾಗ್ತಿದ್ರೆ ಒಳ್ಳೇದೇ ಮೇಡಂ, ಇನ್ನೂ ಐದು!’ ಅಂತ ಟ್ರೈನರ್ ಕೂಗುತ್ತಿದ್ದ. ಮನೆಗೆ ಬಂದರೆ ಮಂಡಿ ಊದಿರುತ್ತಿತ್ತು, ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕು. ಹೇಳಲು ಮುಜುಗರವಾಗುವ ಇನ್ನೊಂದು ವಿಷಯ: ಜಿಗಿದಾಗಲೆಲ್ಲ ಮೂತ್ರ ತೊಟ್ಟಿಕ್ಕುತ್ತಿತ್ತು. ಬಾಯಿಬಿಟ್ಟು ಕೇಳಿದಾಗ ಗೊತ್ತಾಯಿತು, ಕ್ಲಾಸಿನಲ್ಲಿ ಅರ್ಧ ಜನ ಪ್ಯಾಡ್ ಹಾಕಿಕೊಂಡೇ ಬರುತ್ತಿದ್ದರು. ಹೆರಿಗೆ ಆದ ಹೆಂಗಸರಲ್ಲಿ ಇದು ತೀರಾ ಸಾಮಾನ್ಯ. ಸಾಮಾನ್ಯ ಅಂದಮಾತ್ರಕ್ಕೆ ಸಹಿಸಿಕೊಂಡಿರಬೇಕು ಅಂತೇನಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರು ನನಗೆ ಹೇಳಿಕೊಟ್ಟಿದ್ದು ಇಷ್ಟು: ಮೂತ್ರವನ್ನೂ ಗಾಳಿಯನ್ನೂ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಐದು ಎಣಿಸುವವರೆಗೆ ಹಿಡಿದು ಪೂರ್ತಿ ಸಡಿಲ ಬಿಡಿ. ಎಂಟು–ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡಬಾರದು. ಬಸ್ಸಿನಲ್ಲಿ ಕೂತಾಗಲೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಕೆಲವು ತಿಂಗಳು ಬಿಡದೆ ಮಾಡಿದ ಮೇಲೆ ಸೀನಿದರೂ ಹೆದರಿಕೆ ಇಲ್ಲ.

ಉಳಿದ ದಿನ ನಡಿಗೆ. ಮೈಸೂರಿನಲ್ಲಿ ಇರುವುದರಿಂದ ಕುಕ್ಕರಹಳ್ಳಿ ಕೆರೆ ಇದೆ, ಏರಿಯ ಮೇಲೆ ಮರದ ನೆರಳಿದೆ, ಜೊತೆಗೆ ಪಕ್ಕದ ಮನೆ ಅಕ್ಕ ಇದ್ದಾರೆ. ವೇಗ ಅಳೆಯಲು ಅಕ್ಕನೇ ಸಾಕು. ಅವರ ಸೊಸೆ ಪುರಾಣಕ್ಕೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲು ಆಗಬೇಕು, ಹಾಡು ಹೇಳಲು ಮಾತ್ರ ಆಗಬಾರದು. ಅದೇ ಮಧ್ಯಮ ವೇಗ. ಕೈಗೆ ಕಟ್ಟುವ ಗಡಿಯಾರ ಯಾವುದೂ ಬೇಡ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ರಾತ್ರಿ ಹಾಲ್‌ನಲ್ಲಿ ಸುಮ್ನೆ ಸುತ್ತುವವರಿದ್ದಾರೆ, ನಮ್ಮ ಮನೆಯವರೂ ಅದೇ ಗುಂಪು. ಆ ಸಂಖ್ಯೆ ಬಂದಿದ್ದು ಡಾಕ್ಟರ ಚೀಟಿಯಿಂದಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಆಚೆಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮನೆಯವರಿಗೆ ಇದನ್ನು ಹೇಳಿ ನೋಡಿದೆ. ಸುತ್ತುತ್ತಲೇ ಇದ್ದಾರೆ.

ಯಾವಾಗಲಾದರೂ ಆಸೆ ಆದರೆ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲನ್ನೂ ಹತ್ತಲೇಬೇಕು ಅಂತ ಹಟ ಇಲ್ಲ. ನಂದಿಯ ಹತ್ತಿರ ಚೆನ್ನಾಗಿ ಕೂತು, ಮೈ ಒಪ್ಪಿದರೆ ಮುಂದಕ್ಕೆ. ಇಳಿಯುವುದು ಮಾತ್ರ ಸಿಟಿ ಬಸ್ಸಿನಲ್ಲಿ. ಹತ್ತುವಾಗ ಏದುಸಿರು ಬರಬಹುದು, ಆದರೆ ಮಂಡಿಗೆ ಜಾಸ್ತಿ ಪೆಟ್ಟು ಬೀಳುವುದು ಇಳಿಯುವಾಗ. ‘ಅರ್ಧ ಹರಕೆ’ ಅಂತ ಅಕ್ಕ ನಗುತ್ತಾರೆ. ಅವರ ಮಂಡಿ ಗಟ್ಟಿ, ನಗಲಿ ಬಿಡಿ.

ಜಾಸ್ತಿ ಆಯಿತೋ ಇಲ್ಲವೋ ಅನ್ನುವುದನ್ನು ಮಾರನೇ ದಿನ ನೋಡಿಕೊಳ್ಳುತ್ತೇನೆ. ತೊಡೆ, ತೋಳು ಸ್ವಲ್ಪ ಬಿಗಿ ಹಿಡಿದಿದ್ದರೆ ಪರವಾಗಿಲ್ಲ, ಎರಡು ದಿನದಲ್ಲಿ ಇಳಿಯುತ್ತದೆ. ಕೀಲಿನ ಒಳಗೇ ಚುಚ್ಚಿದರೆ, ಊದಿದರೆ, ಮುಂದಿನ ಸಲ ಅರ್ಧಕ್ಕೆ ಇಳಿಸುತ್ತೇನೆ. ಮುಟ್ಟಿನ ಮೊದಲ ದಿನ ನಡೆಯಬೇಕು ಅನ್ನಿಸಿದರೆ ನಡಿಗೆ, ಇಲ್ಲದಿದ್ದರೆ ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ. ನಡೆಯುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಮಾತ್ರ ಈ ಯಾವ ಲೆಕ್ಕವೂ ಬೇಡ, ಸೀದಾ ಡಾಕ್ಟರ ಹತ್ತಿರ.

ತೂಕ ಎಷ್ಟು ಇಳಿಯಿತು ಅಂತ ಕೇಳುತ್ತಾರೆ. ಅಂಥದ್ದೇನೂ ಇಳಿದಿಲ್ಲ. 20 ಲೀಟರಿನ ನೀರಿನ ಕ್ಯಾನ್ ಖಾಲಿಯಾದರೆ ಮೊದಲು ಮಗ ಕಾಲೇಜಿಂದ ಬರಲಿ ಅಂತ ಕಾಯುತ್ತಿದ್ದೆ. ಈಗ ಮಂಡಿ ಮಡಿಸಿ, ಕ್ಯಾನನ್ನು ಮೈಗೆ ಒತ್ತಿ ಹಿಡಿದು ನಾನೇ ಎತ್ತಿಡುತ್ತೇನೆ. ಇನ್ನು ನೆಲದಲ್ಲಿ ಕೂತು ಕೈ ಊರದೆ ಏಳುವುದನ್ನು ಕಲಿಯುತ್ತಿದ್ದೇನೆ. ಎಡಗೈ ಇನ್ನೂ ಮೋಸ ಮಾಡುತ್ತದೆ.