ಮಗುವಿಗೆ ಕನ್ನಡ ಪುಸ್ತಕ ಕೊಳ್ಳುವ ಮೊದಲು ಒತ್ತಕ್ಷರ ಎಣಿಸಿ

‘ಏಳು ವರ್ಷದ ಮಗುವಿಗೆ ಒಂದು ಒಳ್ಳೆ ಪುಸ್ತಕ ಕೊಡಿ’ ಎಂದು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಎತ್ತಿಕೊಡುವುದು ದಪ್ಪನೆಯ ನೀತಿಕಥೆಗಳ ಕಟ್ಟು. ಮಗು ಎರಡು ಪುಟ ಓದಿ ಬದಿಗಿಡುತ್ತದೆ. ‘ಇವನಿಗೆ ಕನ್ನಡ ಅಂದ್ರೆ ಬೇಜಾರು’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ತಪ್ಪು ಮಗುವಿನದಲ್ಲ. ಮಗು ಕೇಳಿ ಅರ್ಥ ಮಾಡಿಕೊಳ್ಳುವ ಮಟ್ಟ ಒಂದು, ತಾನೇ ಓದುವ ಮಟ್ಟ ಇನ್ನೊಂದು. ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ, ಹೊರನಾಡಿನ ಕನ್ನಡ ಮಕ್ಕಳಲ್ಲಿ ಇವೆರಡರ ನಡುವೆ ಮೂರು ನಾಲ್ಕು ವರ್ಷಗಳ ಅಂತರವಿದ್ದರೂ ಆಶ್ಚರ್ಯವಿಲ್ಲ. ಎರಡಕ್ಕೂ ಬೇರೆ ಬೇರೆ ಪುಸ್ತಕ ಬೇಕು.

1. ಮೂರು ವರ್ಷದೊಳಗೆ

ದಪ್ಪ ರಟ್ಟಿನ ಹಾಳೆ, ಪುಟಕ್ಕೊಂದು ಚಿತ್ರ. ಕಚ್ಚಿದರೂ ಹರಿಯಬಾರದು, ಅಷ್ಟೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ನಿಮ್ಮ ಬಾಯಲ್ಲಿದ್ದರೆ ಹಾಡಿಗೆ ಪುಸ್ತಕವೂ ಬೇಡ. ಗುಂಡಿ ಒತ್ತಿದರೆ ಹಾಡುವ ಪುಸ್ತಕಕ್ಕೆ ದುಡ್ಡು ಹಾಕಬೇಡಿ, ಮಗು ಗುಂಡಿಯನ್ನಷ್ಟೇ ಒತ್ತುತ್ತದೆ.

2. ಮೂರರಿಂದ ಐದು

ಇವು ನೀವು ಓದಿ ಹೇಳುವ ಪುಸ್ತಕಗಳು. ಪುಟಕ್ಕೆ ಎರಡು ಮೂರು ವಾಕ್ಯ ಸಾಕು. ‘ಹೋಗುತ್ತಿದ್ದನು’ ಎಂದು ಅಚ್ಚಾಗಿದ್ದರೆ ಹಾಗೇ ಓದಬೇಡಿ. ಮೈಸೂರಿನ ಮನೆಯಲ್ಲಿ ‘ಹೋಗ್ತಿದ್ದ’, ಧಾರವಾಡದಲ್ಲಿ ‘ಹೊಂಟಿದ್ದ’ ಎಂದು ತಿರುಗಿಸಿಕೊಳ್ಳಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಗಟ್ಟಿಯಾಗಿ ಓದಿ ಹೇಳಲು ಐದೇ ಸರಿಯಾದ ವಯಸ್ಸು. ಅದನ್ನೇ ಆರರ ಮಗುವಿನ ಕೈಗೆ ಕೊಟ್ಟು ‘ಓದು’ ಎಂದರೆ ಮಾತ್ರ ಕೆಟ್ಟಿತು.

3. ಆರರಿಂದ ಎಂಟು: ಎಲ್ಲರೂ ಎಡವುವುದು ಇಲ್ಲೇ

ಮಗು ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಿರುತ್ತದೆ. ಪುಸ್ತಕದ ನಡುವಿನ ಒಂದು ಪುಟ ತೆರೆದು ಒತ್ತಕ್ಷರಗಳನ್ನು ಎಣಿಸಿ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ‘ಅಕ್ಕ’, ‘ಅಮ್ಮ’, ‘ಹಲ್ಲಿ’ಯಂಥ ಸಜಾತೀಯ ಒತ್ತು ಸುಲಭ, ಮೇಲಿನ ಅಕ್ಷರವೇ ಕೆಳಗಿನದನ್ನು ಹೇಳಿಕೊಡುತ್ತದೆ. ‘ಪುಸ್ತಕ’, ‘ಚಂದ್ರ’, ‘ಅಗ್ನಿ’ಯಂಥ ವಿಜಾತೀಯ ಒತ್ತು ಕಷ್ಟ, ಏಕೆಂದರೆ ತ, ನ, ಮ, ಯ, ರ, ಲ ಒತ್ತಾದಾಗ ಮೂಲ ಅಕ್ಷರದ ರೂಪವೇ ಉಳಿಯುವುದಿಲ್ಲ. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು: ‘ಸೂರ್ಯ’ದಲ್ಲಿ ರ್ ಮೊದಲು ಕೇಳಿಸುತ್ತದೆ, ಆದರೆ ಗುರುತು ಇರುವುದು ಯ ಆದ ಮೇಲೆ. ಮಗು ‘ಸೂಯರ’ ಎಂದು ಓದಿದರೆ ಅದು ಕಣ್ಣಿಗೆ ಕಂಡದ್ದನ್ನೇ ಓದಿದೆ. ಮೊದಲ ಪುಸ್ತಕಗಳಲ್ಲಿ ವಾಕ್ಯಕ್ಕೊಂದು ವಿಜಾತೀಯ ಒತ್ತು ಸಾಕು. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂತೆ ಒಂದು ಅಕ್ಷರಕ್ಕೆ ಎರಡು ಒತ್ತು ನೇತಾಡುವ ಪದಗಳು ಪುಟಪುಟಕ್ಕೂ ಸಿಕ್ಕರೆ ಪುಸ್ತಕವನ್ನು ಮುಂದಿನ ವರ್ಷಕ್ಕೆ ಎತ್ತಿಡಿ.

ಆಮೇಲೆ ಅದೇ ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಐದಕ್ಕಿಂತ ಹೆಚ್ಚು ಕಡೆ ನಿಂತರೆ ಪುಸ್ತಕ ಭಾರವಾಯಿತು. ಎಷ್ಟು ಸಲ ನಿಂತಿತು ಎಂಬುದಕ್ಕಿಂತ ಏಕೆ ನಿಂತಿತು ಎಂಬುದನ್ನು ನೋಡಿ. ಅಕ್ಷರ ಬಿಡಿಸಲಾಗದೆ ನಿಂತರೆ ಒಂದು ಮೆಟ್ಟಿಲು ಕೆಳಗಿನ ಪುಸ್ತಕ ಬೇಕು. ಸರಿಯಾಗಿ ಓದಿ ‘ಹಾಗಂದ್ರೇನು?’ ಎಂದು ಕೇಳಿದರೆ ಅದೇ ಪುಸ್ತಕ ಇರಲಿ, ಅರ್ಥ ಹೇಳಿ ಮುಂದೆ ಹೋಗಿ. ಇವೆರಡನ್ನು ಬೆರೆಸಿಕೊಂಡು ‘ಸರಳ ಕನ್ನಡ’ ಎಂದು ಸಪ್ಪೆ ಪುಸ್ತಕ ಕೊಡಿಸುವವರೇ ಹೆಚ್ಚು.

ಅಚ್ಚನ್ನೂ ನೋಡಿ. ಅಕ್ಷರ 18 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಇಕ್ಕಟ್ಟಾಗಿದ್ದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಇಡಿ. ಸಾಲಿನ ಕೊನೆಯಲ್ಲಿ ಪದ ಎರಡಾಗಿ ಮುರಿದಿದ್ದರೂ ಅಷ್ಟೇ. ಹೊಸ ಓದುಗ ಅದನ್ನು ಎರಡು ಪದವೆಂದೇ ಓದುತ್ತಾನೆ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಒತ್ತು ಜಾಗ ತಪ್ಪಿ ಹಾಗೇ ಅಚ್ಚಾದ ಅಗ್ಗದ ಪುಸ್ತಕಗಳೂ ಉಂಟು, ಕೊಳ್ಳುವ ಮುನ್ನ ಮೂರು ಪುಟ ಓದಿ.

ಇಂಗ್ಲಿಷ್-ಕನ್ನಡ ಎರಡೂ ಇರುವ ಪುಸ್ತಕದಲ್ಲಿ ಮಗುವಿನ ಕಣ್ಣು ಇಂಗ್ಲಿಷ್ ಸಾಲಿಗೇ ಓಡುತ್ತದೆ. ಕೊಳ್ಳುವುದೇ ಆದರೆ ಆ ಸಾಲಿನ ಮೇಲೊಂದು ಕಾಗದದ ಪಟ್ಟಿ ಇಟ್ಟುಕೊಳ್ಳಿ.

ದುಡ್ಡಿಲ್ಲದ ದಾರಿಯೂ ಇದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತ, ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಆ ಹಂತ ಒತ್ತಕ್ಷರದ ಲೆಕ್ಕವಲ್ಲ, ಆದ್ದರಿಂದ ಎಣಿಕೆ ಇಲ್ಲೂ ತಪ್ಪದು. ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಕೆಲವು ಕಡೆ ವಾಕ್ಯ ತೊಡರುತ್ತದೆ.

ಹತ್ತು ವರ್ಷವಾಗಿಯೂ ಆರರ ಮಗುವಿನಂತೆ ಕನ್ನಡ ಓದುವವರಿಗೆ ಆನೆ-ಅಳಿಲಿನ ಪುಸ್ತಕ ಕೊಟ್ಟು ಅವಮಾನ ಮಾಡಬೇಡಿ. ಒಗಟು, ನಗೆಹನಿ, ಚಿತ್ರಕಥೆ ಕೊಡಿ: ಸಾಲು ಚಿಕ್ಕದು, ವಿಷಯ ವಯಸ್ಸಿಗೆ ತಕ್ಕದ್ದು.

4. ಒಂಬತ್ತರಿಂದ ಹನ್ನೊಂದು

60ರಿಂದ 100 ಪುಟ, ನಾಲ್ಕೈದು ಪುಟಕ್ಕೊಂದು ಅಧ್ಯಾಯ. ಮಗುವೇ ಆರಿಸಲಿ. ಅರ್ಧಕ್ಕೆ ಬಿಟ್ಟರೆ ಬಿಡಲಿ.

5. ಹನ್ನೆರಡರ ಮೇಲೆ

ಮಕ್ಕಳ ಕಪಾಟಿನಿಂದ ಆಚೆ ಬನ್ನಿ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಈ ವಯಸ್ಸಿನವರು ಧಾರಾಳವಾಗಿ ಓದಬಹುದು. ‘ಕಿವಿ’ ಎಂಬ ಹೆಸರಿನ ನಾಯಿ ಬರುವ ಪುಟಗಳನ್ನು ನೀವೇ ಮೊದಲು ಓದಿ ಹೇಳಿ, ಸ್ವಾರಸ್ಯ ಹತ್ತಿದಾಗ ನಿಲ್ಲಿಸಿ ಪುಸ್ತಕವನ್ನು ಅಲ್ಲೇ ಬಿಟ್ಟು ಎದ್ದುಹೋಗಿ.