ಪರದೇಶದಲ್ಲಿ ನಡೆದೇ ಹೋಗ್ತೀರಾ? ಅನುಮಾನಕ್ಕೂ ತಯಾರಾಗಿರಿ

ತಿಂಗಳುಗಟ್ಟಲೆ ನಡೆಯಲು ಹೊರಟವರು ಶೂ, ಟೆಂಟು, ಬ್ಯಾಗಿನ ತೂಕ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಜನ ತಮ್ಮನ್ನು ನೋಡಿ ಏನಂದುಕೊಳ್ಳಬಹುದು ಅಂತ ಮಾತ್ರ ಯೋಚಿಸುವುದಿಲ್ಲ. ಬಸ್ಸಿಳಿದು ಬಂದ ವಿದೇಶಿಯನ್ನು ಪ್ರವಾಸಿ ಅಂದುಕೊಳ್ಳುತ್ತಾರೆ. ಅದೇ ಮನುಷ್ಯ ಮೈಯೆಲ್ಲ ಧೂಳು ಮಾಡಿಕೊಂಡು, ನೋಡುವಂಥದ್ದು ಏನೂ ಇಲ್ಲದ ಹಳ್ಳಿಗೆ ಕತ್ತಲಾಗುವ ಹೊತ್ತಿಗೆ ನಡೆದು ಬಂದರೆ ಕಳ್ಳನೋ ಗೂಢಚಾರನೋ ಅನ್ನಿಸುತ್ತದೆ, ಅಲ್ವಾ? ಪತ್ರಕರ್ತ ಪಾಲ್ ಸಲೋಪೆಕ್ 2013ರಲ್ಲಿ ಇಥಿಯೋಪಿಯಾದಿಂದ ನಡೆಯಲು ಶುರು ಮಾಡಿದರು. ದಾರಿಯಲ್ಲಿ ಪೊಲೀಸರು ಎಲ್ಲೆಲ್ಲಿ ತಡೆದರು ಅಂತ ಅವರು ದಾಖಲೆಯನ್ನೇ ಇಡುತ್ತಾ ಬಂದಿದ್ದಾರೆ. ನಿಮ್ಮನ್ನೂ ತಡೆಯುತ್ತಾರೆ ಅಂತಲೇ ಇಟ್ಟುಕೊಳ್ಳಿ.

ಯಾರಾದರೂ ಹುಡುಕಿಕೊಂಡು ಬರುವ ಮೊದಲು ನೀವೇ ಹೋಗಿ ಮುಖ ತೋರಿಸಿ. ಬೆಳಕಿರುವಾಗಲೇ ಊರು ಸೇರಿ, ಅಂಗಡಿಯಲ್ಲಿ ಏನಾದರೂ ಕೊಂಡು, ಎಲ್ಲಿಂದ ಬಂದೆ, ನಾಳೆ ಎಲ್ಲಿಗೆ ಅಂತ ಹೇಳಿ, ರಾತ್ರಿ ಟೆಂಟು ಹಾಕಲು ಯಾರನ್ನು ಕೇಳಬೇಕು ಅಂತ ವಿಚಾರಿಸಿ. ಅರ್ಧ ಗಂಟೆಯಲ್ಲಿ ಇಡೀ ಊರಿಗೆ ಸುದ್ದಿ ಮುಟ್ಟಿರುತ್ತದೆ. ಪೊದೆಯ ಹಿಂದೆ ಸದ್ದಿಲ್ಲದೆ ಮಲಗಿ, ಮಧ್ಯರಾತ್ರಿ ಟಾರ್ಚು ಹಿಡಿದವರ ಕೈಗೆ ಸಿಗುವುದಕ್ಕಿಂತ ಇದು ಎಷ್ಟೋ ವಾಸಿ.

‘ಯಾಕೆ ನಡೀತಿದ್ದೀಯ?’ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ‘ಸುಮ್ನೆ’ ಅಂದರೆ ಯಾರೂ ನಂಬಲ್ಲ, ಅದು ನಿಜವೇ ಆಗಿದ್ದರೂ. ಹೆಸರು, ದೇಶ, ಕೆಲಸ, ಶುರು ಮಾಡಿದ ಊರು, ಮುಟ್ಟಬೇಕಾದ ಊರು, ಇಷ್ಟನ್ನು ಅಲ್ಲಿಯ ಭಾಷೆ ಚೆನ್ನಾಗಿ ಬಲ್ಲವರಿಂದ ಬರೆಸಿ, ಒಂದು ಹಾಳೆಯಲ್ಲಿ ಇಟ್ಟುಕೊಳ್ಳಿ. ಫೋನಿನ ಅನುವಾದಕ್ಕಿಂತ ಕಾಗದಕ್ಕೆ ಮರ್ಯಾದೆ ಜಾಸ್ತಿ. ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಯವರ ಹತ್ತಿರ ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಳ್ಳುವ ಪುಸ್ತಿಕೆ ಇರುತ್ತದೆ. ಬೇರೆ ದಾರಿಗಳಲ್ಲೂ ಅಂಥದ್ದೊಂದನ್ನು ನೀವೇ ಮಾಡಿಕೊಂಡರೆ ತಪ್ಪೇನಿಲ್ಲ.

ಸೇತುವೆ, ಅಣೆಕಟ್ಟು, ವಿಮಾನ ನಿಲ್ದಾಣ, ಸೈನಿಕರು ಕಂಡರೆ ಕ್ಯಾಮೆರಾ ಒಳಗಿಡಿ. ಟಿಪ್ಪಣಿ ಪುಸ್ತಕದಲ್ಲಿ ಏನಾದರೂ ಗೀಚುವುದೂ ಬೇಡ. 2001ರಲ್ಲಿ ಗ್ರೀಸಿನ ಕಲಮಾಟದಲ್ಲಿ ವಿಮಾನ ನೋಡುವ ಹವ್ಯಾಸಕ್ಕೆ ಹೋಗಿದ್ದ ಬ್ರಿಟಿಷರು ಮತ್ತು ಡಚ್ಚರು ಬೇಹುಗಾರಿಕೆ ಆರೋಪದಲ್ಲಿ ಜೈಲು ಕಂಡರು. ಮೇಲ್ಮನವಿಯಲ್ಲಿ ಆರೋಪದಿಂದ ಖುಲಾಸೆಯಾಗುವ ಹೊತ್ತಿಗೆ 2002ರ ನವೆಂಬರ್ ಬಂದಿತ್ತು. ಡ್ರೋನ್ ಮನೆಯಲ್ಲೇ ಇರಲಿ. ಸ್ಯಾಟಲೈಟ್ ಫೋನಿಗೆ ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಬೇಕು, ಹೊರಡುವ ಮೊದಲೇ ನೋಡಿಕೊಳ್ಳಿ.

ಇನ್ನು ವೀಸಾ. ಇಲ್ಲಿ ಎಡವಿದರೆ ಅನುಮಾನ ನಿಜವಾಗಿಬಿಡುತ್ತದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಪ್ರವಾಸಿಗೆ 180 ದಿನಗಳಲ್ಲಿ 90 ದಿನ ಮಾತ್ರ. ದಿನಕ್ಕೆ 25 ಕಿಲೋಮೀಟರ್ ಹಿಡಿದರೂ ಒಟ್ಟು 2,250, ಅದೂ ಒಂದು ದಿನವೂ ಸುಸ್ತಾಗದೆ, ಕಾಲು ಉಳುಕಿಸಿಕೊಳ್ಳದೆ ನಡೆದರೆ! ಗಡಿಗಳನ್ನೂ ಎಲ್ಲಾ ಕಡೆ ನಡೆದು ದಾಟಲಾಗುವುದಿಲ್ಲ. ಪಾಕಿಸ್ತಾನ ಮತ್ತು ಚೀನಾ ನಡುವಿನ ಖುಂಜೆರಾಬ್ ಕಣಿವೆಯಲ್ಲಿ ವಾಹನ ಹತ್ತಲೇಬೇಕು.

ಪೊಲೀಸರು ಕರೆದೊಯ್ದರೆ ದನಿ ಏರಿಸಬೇಡಿ. ತಮಾಷೆಯಂತೂ ಬೇಡವೇ ಬೇಡ. ಅವರೆದುರಿಗೆ ಫೋನಿನಿಂದ ಫೋಟೊ ಅಳಿಸಲು ಹೋಗಬೇಡಿ, ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳಿ. ದೂತಾವಾಸಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆ ಹಕ್ಕು ಕೊಟ್ಟಿದೆ. ಸುಮಾರು ಸಲ ಅಷ್ಟು ದೂರ ಹೋಗುವುದೇ ಇಲ್ಲ, ಪಾಸ್‌ಪೋರ್ಟ್ ನೋಡಿ ಟೀ ಕೊಟ್ಟು ಕಳಿಸುತ್ತಾರೆ. ಆಗ ಎದ್ದು ಓಡಬೇಡಿ. ಮುಂದಿನ ಊರಿನಲ್ಲಿ ನಿಮ್ಮ ಪರಿಚಯದವರು ಯಾರಾದರೂ ಇದ್ದರೆ, ನಾನು ಬರುತ್ತಿದ್ದೇನೆ ಅಂತ ಒಂದು ಫೋನ್ ಮಾಡಿ ಹೇಳ್ತೀರಾ ಅಂತ ಆ ಪೊಲೀಸರನ್ನೇ ಕೇಳಿ.